ನೋಡದ ಪುಸ್ತಕದ ಪುಟಸಂಖ್ಯೆ

ಕಳೆದ ಸೆಮಿಸ್ಟರಿನಲ್ಲಿ ಬಿ.ಎ. ವಿದ್ಯಾರ್ಥಿಗಳಿಗೆ ನರಗುಂದ ಬಂಡಾಯದ ಬಗ್ಗೆ ಪ್ರಬಂಧ ಬರೆದು ತರಲು ಹೇಳಿದ್ದೆ. ಬಂದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳಲ್ಲಿ ಒಂದೇ ವಾಕ್ಯವಿತ್ತು: 1857ರ ಮೇ 29ರಂದು ಸುರೇಬಾನದಲ್ಲಿ ಬಾಬಾಸಾಹೇಬನು ಮ್ಯಾನ್ಸನ್ ಎಂಬ ಬ್ರಿಟಿಷ್ ಅಧಿಕಾರಿಯನ್ನು ಕೊಂದನು. ಕೆಳಗೆ ಒಂದೇ ಅಡಿಟಿಪ್ಪಣಿ: ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್, ಧಾರವಾಡ ಸಂಪುಟ, 1884. ಪುಟಸಂಖ್ಯೆಯೂ ಒಂದೇ. ಕೊನೆಯ ಹಾಳೆಯಲ್ಲಿ ಎರಡು ಪಟ್ಟಿ, ಮೇಲೆ ‘ಪ್ರಾಥಮಿಕ ಆಕರಗಳು’, ಕೆಳಗೆ ‘ಆನುಷಂಗಿಕ ಆಕರಗಳು’. ಗೆಜೆಟಿಯರ್ ಮೇಲಿನ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿ ಕುಳಿತಿತ್ತು.

ಮ್ಯಾನ್ಸನ್ ಸತ್ತದ್ದು 1858ರಲ್ಲಿ. ಗೆಜೆಟಿಯರಿನ ಆ ಪುಟ ತೆರೆದು ನೋಡಿದವರಿಗೆ ಈ ತಪ್ಪು ಆಗಲಾರದು. ಅಂದರೆ ಯಾರೂ ತೆರೆದಿರಲಿಲ್ಲ. ಒಬ್ಬ ಹುಡುಗಿಯನ್ನು ಕರೆದು ಕೇಳಿದೆ.

“ಇದನ್ನ ಎಲ್ಲಿ ಓದಿದಿ ತಂಗಿ?”

“ಗೈಡಿನ್ಯಾಗ ಇತ್ರಿ ಸರ. ಗೆಜೆಟಿಯರ್ ಅಂತ ಬರದ್ರ ಪ್ರಾಥಮಿಕ ಆಕರ ಆಕ್ಕೈತಿ, ಮಾರ್ಕ್ಸ್ ಬರ್ತಾವು ಅಂದ್ರು. ಅದಕ್ಕ ಹಾಕೀನ್ರಿ.”

“ನಿಮ್ಮೂರು ಯಾವುದು?”

“ಸುರೇಬಾನ್ರಿ ಸರ.”

ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ನಮ್ಮ ಮೇಲೆ, ಅಂದರೆ ಕಲಿಸುವವರ ಮೇಲೆ. ಆ ಘಟನೆ ನಡೆದದ್ದು ಆಕೆಯ ಊರಿನಲ್ಲಿ. ಆ ಊರಿನ ಹೆಸರನ್ನು ಆಕೆ ತಾನು ನೋಡದ ಪುಸ್ತಕದ ಹೆಸರಿನಲ್ಲಿ, ತಪ್ಪು ಇಸವಿಯ ಜೊತೆಗೆ, ಬೇರೆ ಯಾರದೋ ವಾಕ್ಯದಲ್ಲಿ ಬರೆದು ಕೊಟ್ಟಿದ್ದಳು. ಹಾಗೆ ಬರೆಯುವುದೇ ವಿದ್ವತ್ತು ಎಂದು ಆಕೆಗೆ ಕಲಿಸಿದವರು ನಾವು. ‘ಕನಿಷ್ಠ ಐದು ಪ್ರಾಥಮಿಕ ಆಕರ ಇರಬೇಕು’ ಎಂದು ನಿಯಮ ಮಾಡುತ್ತೇವೆ. ಐದು ಹೆಸರು ಕಂಡರೆ ಟಿಕ್ ಹಾಕುತ್ತೇವೆ. ಆ ಐದನ್ನು ಇಟ್ಟುಕೊಂಡು ಏನು ಮಾಡಿದೆ ಎಂದು ಒಬ್ಬರೂ ಕೇಳುವುದಿಲ್ಲ. ಬಿ.ಎ.ಯಲ್ಲಿ ಶುರುವಾದ ಈ ಅಭ್ಯಾಸ ಪಿಎಚ್‌.ಡಿ.ಯವರೆಗೂ ಹೋಗುತ್ತದೆ. ಅಲ್ಲಿ ಪಟ್ಟಿ ಉದ್ದವಾಗುತ್ತದೆ, ಅಷ್ಟೇ ವ್ಯತ್ಯಾಸ.

ಈ ಎರಡು ಡಬ್ಬಿಗಳ ಪದ್ಧತಿಯೇ ತಪ್ಪು ಎಂಬುದು ನನ್ನ ವಾದ. ಯಾವ ಬರಹವೂ ಹುಟ್ಟಿನಿಂದ ಪ್ರಾಥಮಿಕವಲ್ಲ, ಹುಟ್ಟಿನಿಂದ ಆನುಷಂಗಿಕವೂ ಅಲ್ಲ. ನೀವು ಅದಕ್ಕೆ ಯಾವ ಪ್ರಶ್ನೆ ಕೇಳುತ್ತೀರಿ ಎಂಬುದರ ಮೇಲೆ ಅದರ ಜಾತಿ ನಿಲ್ಲುತ್ತದೆ. ಪ್ರಶ್ನೆಯೇ ಇಲ್ಲದ ಪ್ರಬಂಧದಲ್ಲಿ ಆಕರಗಳಿಗೆ ಜಾತಿಯೇ ಇರುವುದಿಲ್ಲ. ಅಲ್ಲಿ ಬರೀ ಪಟ್ಟಿ ಇರುತ್ತದೆ.

ಸುರೇಬಾನದ ಆ ರಾತ್ರಿಯನ್ನೇ ತೆಗೆದುಕೊಳ್ಳೋಣ. ಎಲ್ಲರಿಗೂ ಗೊತ್ತಿರುವಷ್ಟು ಕಥೆ ಇದು. ನರಗುಂದದ ಅರಸ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ. ಮಕ್ಕಳಿಲ್ಲದ ಆತನಿಗೆ ದತ್ತು ತೆಗೆದುಕೊಳ್ಳಲು ಇಂಗ್ಲಿಷರು ಒಪ್ಪಲಿಲ್ಲ. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಬೇರೆ ಬಂತು. ದಕ್ಷಿಣ ಮರಾಠಾ ಪ್ರದೇಶದ ಪೊಲಿಟಿಕಲ್ ಏಜೆಂಟನ ಹುದ್ದೆಯಲ್ಲಿದ್ದ ಚಾರ್ಲ್ಸ್ ಮ್ಯಾನ್ಸನ್ ರಾಮದುರ್ಗದಿಂದ ನರಗುಂದದ ಕಡೆ ಹೊರಟು, ಕೆಲವೇ ಸವಾರರೊಡನೆ ಸುರೇಬಾನದಲ್ಲಿ ತಂಗಿದ. 1858ರ ಮೇ 29ರ ರಾತ್ರಿ ಬಾಬಾಸಾಹೇಬನ ಜನ ಮೇಲೆ ಬಿದ್ದು ಅವನನ್ನು ಕೊಂದರು. ತಲೆಯನ್ನು ನರಗುಂದಕ್ಕೆ ಒಯ್ದು ಅಗಸಿಗೆ ತೂಗುಹಾಕಿದರು. ಊರಿನವರು ಇಂದಿಗೂ ಕೆಂಪಗಸಿಯ ಮುಂದೆ ನಿಂತು ಆ ಕಥೆ ಹೇಳುತ್ತಾರೆ. ಎರಡು ವಾರದಲ್ಲಿ, ಜೂನ್ 12ರಂದು, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ನರಗುಂದ ಸಂಸ್ಥಾನ ಇಂಗ್ಲಿಷರ ಪಾಲಾಯಿತು.

ಈಗ 1884ರ ಗೆಜೆಟಿಯರ್ ಪ್ರಾಥಮಿಕವೋ ಆನುಷಂಗಿಕವೋ? ‘ಆ ರಾತ್ರಿ ಏನು ನಡೆಯಿತು’ ಎಂಬುದು ನಿಮ್ಮ ಪ್ರಶ್ನೆಯಾದರೆ ಅದು ಆನುಷಂಗಿಕ. ಜೇಮ್ಸ್ ಕ್ಯಾಂಬೆಲ್ಲನ ಸಂಪಾದಕತ್ವದಲ್ಲಿ ಅದನ್ನು ಸಿದ್ಧಪಡಿಸಿದಾಗ ಘಟನೆ ನಡೆದು 26 ವರ್ಷ ಆಗಿತ್ತು. ಹಳೆಯ ಕಡತ, ವರದಿ, ಕೇಳಿದ ಮಾತುಗಳನ್ನು ಜೋಡಿಸಿ ಕಟ್ಟಿದ ಕಥನ ಅದು. ಆದರೆ ‘ಬಂಡಾಯ ಅಡಗಿ ಒಂದು ತಲೆಮಾರು ಕಳೆದ ಮೇಲೆ ಸರ್ಕಾರ ಅದನ್ನು ಹೇಗೆ ನೆನಪಿಟ್ಟುಕೊಂಡಿತು, ತನ್ನ ಹೊಸ ಅಧಿಕಾರಿಗಳಿಗೆ ಏನೆಂದು ಕಲಿಸಿತು’ ಎಂಬುದು ನಿಮ್ಮ ಪ್ರಶ್ನೆಯಾದರೆ, ಅದೇ ಪುಟ ಪ್ರಾಥಮಿಕ ಆಕರ. ಪುಸ್ತಕ ಬದಲಾಗಲಿಲ್ಲ, ಅಕ್ಷರ ಬದಲಾಗಲಿಲ್ಲ. ಬದಲಾದದ್ದು ಪ್ರಶ್ನೆ.

ಇನ್ನೊಂದು ಪುಸ್ತಕ ನೋಡಿ. ಬಂಡಾಯದ ಕಾಲದಲ್ಲಿ ಕೊಲ್ಹಾಪುರ ಮತ್ತು ದಕ್ಷಿಣ ಮರಾಠಾ ಪ್ರದೇಶದಲ್ಲಿ ಅಧಿಕಾರ ನಡೆಸಿದ ಜಾರ್ಜ್ ಲೆ ಗ್ರ್ಯಾಂಡ್ ಜೇಕಬ್ 1871ರಲ್ಲಿ ಆ ದಿನಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಆತ ಕಾಲದ ಸಾಕ್ಷಿ, ಹೌದು. ಆದರೆ ಬರೆದದ್ದು 13 ವರ್ಷದ ಮೇಲೆ, ತನ್ನ ಕೆಲಸವನ್ನು ಜಗತ್ತಿಗೆ ವಿವರಿಸಿಕೊಳ್ಳುತ್ತ. ಇದನ್ನು ಯಾವ ಡಬ್ಬಿಗೆ ಹಾಕುತ್ತೀರಿ? ಡಬ್ಬಿ ಹುಡುಕುವ ಬದಲು ಅವನು ಯಾವ ಮಾತನ್ನು ಕಣ್ಣಾರೆ ಕಂಡು ಹೇಳುತ್ತಾನೆ, ಯಾವುದನ್ನು ಕೇಳಿ ಹೇಳುತ್ತಾನೆ, ಎಲ್ಲಿ ತನ್ನನ್ನು ತಾನು ಸಮರ್ಥಿಸಿಕೊಳ್ಳುತ್ತಾನೆ ಎಂದು ಗೆರೆ ಎಳೆದುಕೊಂಡು ಓದಿದರೆ ಪುಸ್ತಕ ಬಾಯಿ ಬಿಡುತ್ತದೆ.

ಪ್ರಾಥಮಿಕ ಆಕರ ಅಂದಕೂಡಲೇ ಕೈಮುಗಿಯುವ ಚಾಳಿಯೂ ನಮಗಿದೆ. ಕಚೇರಿಯ ಕಾಗದ, ಹಳೆಯ ಇಂಗ್ಲಿಷು, ಮೇಲೊಂದು ಮೊಹರು ಇದ್ದರೆ ಸಾಕು, ಸತ್ಯ ಅಲ್ಲೇ ಇದೆ ಎಂದುಕೊಳ್ಳುತ್ತೇವೆ. ರಾಮದುರ್ಗದ ಅರಸ ಮ್ಯಾನ್ಸನ್‌ಗೆ ಮುಂದೆ ಹೋಗಬೇಡ ಎಂದು ಎಚ್ಚರಿಸಿದ್ದ ಎಂದು ಗೆಜೆಟಿಯರ್ ಹೇಳುತ್ತದೆ. ನನ್ನ ವಿದ್ಯಾರ್ಥಿಗಳು ಅದನ್ನು ಹಾಗೇ ಇಳಿಸಿದ್ದರು. ಒಂದು ಕ್ಷಣ ನಿಲ್ಲಿ. ರಾಮದುರ್ಗದ ಅರಸ ಯಾರು? ಅದೇ ಭಾವೆ ಮನೆತನದವನು, ಬಾಬಾಸಾಹೇಬನಿಗೆ ಮಲತಮ್ಮ. ಅಣ್ಣನ ಸಂಸ್ಥಾನ ಹೋಯಿತು. ತಮ್ಮನ ಸಂಸ್ಥಾನ 1948ರವರೆಗೆ ಉಳಿಯಿತು. ಕೊಲೆಯಾದ ಸುರೇಬಾನ ಇದ್ದದ್ದೂ ರಾಮದುರ್ಗದ ಸೀಮೆಯಲ್ಲೇ. ‘ನಾನು ಮೊದಲೇ ಎಚ್ಚರಿಸಿದ್ದೆ’ ಎಂಬ ಮಾತು ಆ ದಿನಗಳಲ್ಲಿ ಯಾರಿಗೆ ಬೇಕಾಗಿತ್ತು? ಆ ಮಾತು ಸುಳ್ಳು ಎಂದು ನಾನು ಹೇಳುತ್ತಿಲ್ಲ. ನಿಜವೇ ಇರಬಹುದು. ಆದರೆ ಅದು ಒಬ್ಬ ಅರಸನನ್ನು ಕಾಯುವ ಮಾತೂ ಆಗಿತ್ತು. ಇಷ್ಟು ಕೇಳಿದ ವಿದ್ಯಾರ್ಥಿ ಆಕರವನ್ನು ಬಳಸಿದ ಹಾಗೆ. ಕೇಳದೆ ಇಳಿಸಿದವನು ಅದನ್ನು ಹೊತ್ತು ತಂದ ಹಾಗೆ. ಬಾಬಾಸಾಹೇಬನ ವಿಚಾರಣೆಯ ಕಾಗದಗಳಿಗೂ ಇದೇ ಮಾತು. ಎರಡೇ ವಾರದಲ್ಲಿ ಹಿಡಿದು, ವಿಚಾರಿಸಿ, ಗಲ್ಲಿಗೇರಿಸಿದವರು ಬರೆದುಕೊಂಡ ಕಾಗದ ಅದು ಎಂಬುದನ್ನು ಓದುವವರು ಮರೆಯಬಾರದು.

ಇಲ್ಲಿಗೆ ಬಂದಾಗ ಒಂದು ಗುಂಪು ಖುಷಿಯಿಂದ ತಲೆಯಾಡಿಸುತ್ತದೆ. ‘ನೋಡಿದಿರಾ, ಇಂಗ್ಲಿಷರ ದಾಖಲೆ ಎಲ್ಲ ಸುಳ್ಳು, ನಮ್ಮ ಲಾವಣಿಯೇ ನಿಜ’ ಎನ್ನುತ್ತದೆ. ಇದು ಅದೇ ಸೋಮಾರಿತನದ ಇನ್ನೊಂದು ಮುಖ. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಎದೆ ತಟ್ಟಿ ಹೇಳುತ್ತೇವಲ್ಲ, ಅದರ ಒಂದು ಹಳೆಯ ಮುದ್ರಿತ ಪಾಠ ನಮಗೆ ಸಿಕ್ಕಿದ್ದು ಯಾರಿಂದ? ಇಂಗ್ಲಿಷ್ ಅಧಿಕಾರಿ ಜೆ. ಎಫ್. ಫ್ಲೀಟನಿಂದ. ಶಾಸನಗಳನ್ನು ಓದುತ್ತಿದ್ದ ಅದೇ ಫ್ಲೀಟ್ ಈ ಸೀಮೆಯ ಲಾವಣಿಗಳನ್ನು ಕೂಡಿಸಿ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ನಡುವೆ ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲ, ಹಾಡಿದ ಎಷ್ಟೋ ಕೊರಳು, ಕೊನೆಗೆ ಒಬ್ಬ ಸಾಹೇಬನ ಲೇಖನಿ. ಲಾವಣಿಯನ್ನು ಗೌರವಿಸುವುದು ಅಂದರೆ ಈ ದಾರಿಯನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದು. ರಾಯಣ್ಣನ ದಂಡಿನಲ್ಲಿ ಎಷ್ಟು ಜನ ಇದ್ದರು ಎಂದು ಲಾವಣಿಯನ್ನು ಕೇಳಿದರೆ ಅದು ದುರ್ಬಲ ಸಾಕ್ಷಿ. ಜನ ಅವನ ಸಾವಿಗೆ ಏನು ಅರ್ಥ ಕೊಟ್ಟರು, ಯಾರನ್ನು ದ್ರೋಹಿ ಎಂದರು ಎಂದು ಕೇಳಿದರೆ ಅದಕ್ಕಿಂತ ಬಲವಾದ ಸಾಕ್ಷಿ ಇಲ್ಲ.

ಕಿತ್ತೂರಿನ ಉದಾಹರಣೆ ಇನ್ನೂ ಸ್ಪಷ್ಟ. ಚೆನ್ನಮ್ಮನ ಬಗ್ಗೆ ಬರೆದ ಪ್ರಬಂಧಗಳಲ್ಲಿ ಆಕೆ ಇಂಗ್ಲಿಷ್ ಅಧಿಕಾರಿಗೆ ಕಪ್ಪ ಯಾಕೆ ಕೊಡಬೇಕು ಎಂದು ಕೇಳುವ ಮಾತು ಉದ್ಧರಣ ಚಿಹ್ನೆಯೊಳಗೆ ಬರುತ್ತದೆ, 1824ರ ಮಾತು ಎಂಬಂತೆ. ನಮ್ಮ ಕಿವಿಯಲ್ಲಿ ಆ ಮಾತು ಕೂತದ್ದು ಬಿ. ಆರ್. ಪಂತುಲು ಅವರ 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರದಿಂದ, ಬಿ. ಸರೋಜಾದೇವಿಯವರ ದನಿಯಲ್ಲಿ. ಅದೇ ಪಂತುಲು ಎರಡು ವರ್ಷ ಮೊದಲು, 1959ರಲ್ಲಿ, ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ಮಾಡಿದ್ದರು. ಅಲ್ಲಿಯೂ ಶಿವಾಜಿ ಗಣೇಶನ್ ಕಪ್ಪ ಕೇಳಿದ ಅಧಿಕಾರಿಯ ಮುಂದೆ ಗುಡುಗುವ ಪ್ರಸಿದ್ಧ ದೃಶ್ಯವಿದೆ. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಈ ಸಂಭಾಷಣೆ ಯಾವ ಕಾಲದ್ದು ಎಂದು ಹೇಳಿಕೊಡಬೇಕಾಗಿಲ್ಲ. ಹಾಗೆಂದು ಚಿತ್ರವನ್ನು ಬಿಸಾಡಬೇಕೆ? ಬೇಡ. ಕರ್ನಾಟಕ ಏಕೀಕರಣವಾಗಿ ಐದು ವರ್ಷದ ಮೇಲೆ ಕನ್ನಡಿಗರು ತಮಗೆ ಎಂಥ ರಾಣಿ ಬೇಕೆಂದು ಬಯಸಿದರು ಎಂಬ ಪ್ರಶ್ನೆಗೆ ಆ ಚಿತ್ರವೇ ಪ್ರಾಥಮಿಕ ಆಕರ. 1824ಕ್ಕೆ ಮಾತ್ರ ಅಲ್ಲ. ಈ ವ್ಯತ್ಯಾಸ ಹಿಡಿದು ಬರೆದರೆ ಒಳ್ಳೆಯ ಪ್ರಬಂಧವಾದೀತು. ಹಿಡಿಯದಿದ್ದರೆ ಸಿನಿಮಾದ ಸಂಭಾಷಣೆಗೆ ಇತಿಹಾಸದ ಅಡಿಟಿಪ್ಪಣಿ ಹಚ್ಚಿದಂತೆ.

ಊರ ಹೆಸರಿನ ವಿಷಯವೂ ಹೀಗೆಯೇ. ಸುರೇಬಾನದ ಹತ್ತಿರ ಶಬರಿಕೊಳ್ಳ ಇದೆ, ಶಬರಿಯ ಗುಡಿ ಇದೆ. ಶಬರಿವನವೇ ಸುರೇಬಾನ ಆಯಿತು ಎಂದು ಊರವರು ಹೇಳುತ್ತಾರೆ. ಕೆಲವರು ಇದನ್ನು ರಾಮಾಯಣದ ಭೂಗೋಳಕ್ಕೆ ಪುರಾವೆ ಎಂದು ಬರೆಯುತ್ತಾರೆ, ಕೆಲವರು ಮೂಢನಂಬಿಕೆ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಇಬ್ಬರೂ ಕೆಲಸ ತಪ್ಪಿಸಿಕೊಂಡವರೇ. ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ ಹುಟ್ಟಿದ ಶಂಬಾ ಜೋಶಿಯವರು ಊರ ಹೆಸರುಗಳನ್ನೇ ಆಕರವಾಗಿ ಹಿಡಿದು ಕನ್ನಡ ನಾಡಿನ ಕಥೆ ಹೇಳಲು ಹೊರಟವರು. ‘ಎಡೆಗಳು ಹೇಳುವ ಕಂನಾಡ ಕಥೆ’ ಎಂದು ಪುಸ್ತಕಕ್ಕೆ ಹೆಸರನ್ನೇ ಇಟ್ಟರು. ಅವರ ತೀರ್ಮಾನಗಳನ್ನೆಲ್ಲ ಒಪ್ಪಬೇಕಾಗಿಲ್ಲ. ಆದರೆ ಯಾರೂ ಆಕರವೆಂದು ಎಣಿಸದ ಸಂಗತಿಗೆ ಪ್ರಶ್ನೆ ಕೇಳಿ ಅದನ್ನು ಆಕರವಾಗಿಸುವ ಧೈರ್ಯ ಅವರಿಂದ ಕಲಿಯಬೇಕು. ಹೆಸರು ಹೇಗೆ ಬಂತು ಎಂಬ ಪ್ರಶ್ನೆಗೆ ಶಾಸನಗಳಲ್ಲಿ, ಹಳೆಯ ಕಾಗದಗಳಲ್ಲಿ ಆ ಹೆಸರಿನ ಹಳೆಯ ರೂಪ ಹುಡುಕಬೇಕು. ಜನ ಶಬರಿಯನ್ನು ಏಕೆ ತಮ್ಮವಳೆಂದುಕೊಂಡರು ಎಂಬ ಪ್ರಶ್ನೆಗೆ ಗುಡಿಯ ಮುಂದೆ ಕೂತ ಅಜ್ಜಿಯೇ ಆಕರ.

ಹಾಗಾದರೆ ಆನುಷಂಗಿಕ ಆಕರಕ್ಕೆ ಬೆಲೆ ಇಲ್ಲವೇ? ಇದೆ, ಬಹಳ ಇದೆ. ಅದನ್ನೂ ನಾವು ಕೆಡಿಸಿದ್ದೇವೆ. ನಮ್ಮ ಪ್ರಬಂಧಗಳಲ್ಲಿ ಹಿರಿಯ ವಿದ್ವಾಂಸರ ಮಾತು ಬರುವುದು ಹೆಚ್ಚಾಗಿ ಅಲಂಕಾರಕ್ಕೆ. ‘ಇಂಥವರು ಹೀಗೆ ಹೇಳಿದ್ದಾರೆ’, ಅಲ್ಲಿಗೆ ಮಾತು ಮುಗಿಯಿತು, ಇನ್ನು ಯಾರೂ ಪ್ರಶ್ನಿಸುವಂತಿಲ್ಲ. ನಂತರದವರು ಬರೆದ ಪುಸ್ತಕ ಸಾಕ್ಷಿ ಹೇಳಲು ಬಂದದ್ದಲ್ಲ, ವಾದ ಹೂಡಲು ಬಂದದ್ದು. ನರಗುಂದದ ಅರಸ ಎದ್ದದ್ದು ದತ್ತಕದ ಸಿಟ್ಟಿಗೋ, ಆಯುಧದ ಅವಮಾನಕ್ಕೋ, ಉತ್ತರದ ದಂಗೆಯ ಗಾಳಿಗೋ ಎಂದು ಅದು ಒಂದು ಪಕ್ಷ ಹಿಡಿಯುತ್ತದೆ. ಮೊದಲು ಅದನ್ನು ಓದಿ, ಜಗಳ ಎಲ್ಲಿದೆ ಎಂದು ತಿಳಿಯಿರಿ. ಆಮೇಲೆ ಹಳೆಯ ಕಾಗದಕ್ಕೆ ಹೋಗಿ. ಮತ್ತೆ ತಿರುಗಿ ಬಂದು ಆ ವಿದ್ವಾಂಸರ ಜೊತೆ ವಾದ ಮಾಡಿ. ಒಪ್ಪಿದರೆ ಏಕೆ ಒಪ್ಪಿದೆ ಎಂದು ಬರೆಯಿರಿ, ಒಪ್ಪದಿದ್ದರೂ ಅಷ್ಟೇ. ಹಾಗೆ ಮಾಡಿದರೆ ಎರಡೇ ಪುಸ್ತಕ ಸಾಕು. ಮಾಡದಿದ್ದರೆ ಇಪ್ಪತ್ತು ಇದ್ದರೂ ಒಂದೇ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ‘ಹಳ್ಳಿಯ ಕಾಲೇಜಿನ ಮಕ್ಕಳು ಮುಂಬೈಯ ಪತ್ರಾಗಾರಕ್ಕೆ, ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆ ಹೋಗಲು ಆಗುತ್ತದೆಯೇ?’ ಆಗುವುದಿಲ್ಲ. ಆದರೆ ಗೆಜೆಟಿಯರ್ ಇಂದು ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ. ಹುಡುಕುವಾಗ ಒಂದು ಮಾತು ನೆನಪಿರಲಿ, ಹಳೆಯ ಇಂಗ್ಲಿಷ್ ಬರಹದಲ್ಲಿ ಸುರೇಬಾನ ‘ಸುರಿಬಾನ್’ ಆಗಿರುತ್ತದೆ. ಇಂದಿನ ಕಾಗುಣಿತ ಹಾಕಿ ಹುಡುಕಿ ‘ಏನೂ ಇಲ್ಲ’ ಎಂದು ಕೈಚೆಲ್ಲಿದವರಿದ್ದಾರೆ. ಊರು ಇಂದು ಬೆಳಗಾವಿ ಜಿಲ್ಲೆಯಲ್ಲಿದೆ, ನರಗುಂದ 1997ರಿಂದ ಗದಗ ಜಿಲ್ಲೆಯಲ್ಲಿದೆ, ಗೆಜೆಟಿಯರಿನ ಕಾಲಕ್ಕೆ ನರಗುಂದ ಧಾರವಾಡಕ್ಕೆ ಸೇರಿತ್ತು, ಸುರೇಬಾನ ಸಂಸ್ಥಾನದಲ್ಲಿತ್ತು. ಈ ಗಡಿಗಳು ಗೊತ್ತಿಲ್ಲದವರು ತಪ್ಪು ಸಂಪುಟವನ್ನೇ ತಿರುವುತ್ತಿರುತ್ತಾರೆ. ಇಂಥ ಸಣ್ಣ ಸಣ್ಣ ಕೆಲಸಗಳನ್ನು ನಾವು ಕಲಿಸಬೇಕಾಗಿತ್ತು. ಪಟ್ಟಿಯಲ್ಲಿ ಅಲ್ಪವಿರಾಮ ಎಲ್ಲಿ ಹಾಕಬೇಕೆಂದು ಮಾತ್ರ ಕಲಿಸಿದೆವು.

ಇನ್ನೊಂದು ಕೊರತೆಗೆ ವಿದ್ಯಾರ್ಥಿಗಳು ಕಾರಣರೇ ಅಲ್ಲ. ಈ ಸೀಮೆಯ ಮರಾಠಾ ಸಂಸ್ಥಾನಗಳ ದಫ್ತರ ನಡೆದದ್ದು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ. ಹಳೆಯ ಮನೆಗಳ ಟ್ರಂಕುಗಳಲ್ಲಿ ಮೋಡಿಯ ಕಾಗದ ಸಿಗುತ್ತವೆ, ಮನೆಯವರಿಗೆ ಓದಲು ಬರುವುದಿಲ್ಲ, ಕಾಲೇಜಿನವರಿಗೂ ಬರುವುದಿಲ್ಲ. ಓದಲು ಬರುವುದು ಇಂಗ್ಲಿಷ್ ಮಾತ್ರ ಆದ್ದರಿಂದ ನಮ್ಮ ಇತಿಹಾಸವೆಲ್ಲ ಇಂಗ್ಲಿಷರ ಕಾಗದದಿಂದಲೇ ಬರುತ್ತದೆ. ಆಮೇಲೆ ‘ಇಂಗ್ಲಿಷರು ನಮ್ಮ ಇತಿಹಾಸ ತಿರುಚಿದರು’ ಎಂದು ಭಾಷಣ ಮಾಡುತ್ತೇವೆ. ಇತಿಹಾಸ ವಿಭಾಗಗಳು ಒಂದು ಸೆಮಿಸ್ಟರು ಮೋಡಿ ಕಲಿಸಲಿ. ಹತ್ತು ಭಾಷಣಕ್ಕಿಂತ ಅದು ಮೇಲು. ಕಾಗದ ಕಾಯುತ್ತ ಕೂಡುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಭಾಗದ ಮಗ್ಗದ ಗುಂಡಿಗಳಿಗೆ ನೀರು ನುಗ್ಗಿತು. ಅಂಥ ನೀರು ಬಂದಾಗ ನೂಲಿನ ಜೊತೆ ಟ್ರಂಕಿನ ಕಾಗದವೂ ಹೋಗುತ್ತದೆ.

ಕಾಗದದ ಮಾತು ಬಿಡಿ, ಮನುಷ್ಯರೇ ಇದ್ದಾರೆ. ‘ನರಗುಂದ ಬಂಡಾಯ’ ಎಂಬ ಹೆಸರಿನದೇ ಇನ್ನೊಂದು ಘಟನೆ 1980ರ ಜುಲೈ 21ರದು. ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ವಿರುದ್ಧ ಎದ್ದ ಆ ದಿನ ಗೋಲಿಬಾರು ಆಯಿತು. ಆ ದಿನ ಅಲ್ಲಿದ್ದವರು ಇಂದು ನಮ್ಮ ಓಣಿಗಳಲ್ಲಿ, ಕಟ್ಟೆಗಳ ಮೇಲೆ ಕೂತಿದ್ದಾರೆ. ಆ ಬಂಡಾಯದ ಬಗ್ಗೆ ಬರೆಯುವ ವಿದ್ಯಾರ್ಥಿ ಅವರ ಮುಂದಿನಿಂದಲೇ ಹಾದು ಸೈಬರ್ ಸೆಂಟರಿಗೆ ಹೋಗಿ ಯಾರದೋ ಪ್ರಬಂಧದ ಪ್ರಿಂಟ್ ತೆಗೆಸಿಕೊಂಡು ಬರುತ್ತಾನೆ. ಅವರ ನೆನಪಿನಲ್ಲೂ ತಪ್ಪಿರುತ್ತದೆ, ಉತ್ಪ್ರೇಕ್ಷೆ ಇರುತ್ತದೆ. ಹಾಗಾಗಿಯೇ ಅಂದಿನ ಪತ್ರಿಕೆಯ ಜೊತೆ ಇಟ್ಟು ನೋಡಬೇಕು. ಆದರೆ ಕೇಳದೇ ಬಿಟ್ಟರೆ ಆ ಆಕರ ಮುಂದಿನ ತಲೆಮಾರಿಗೆ ಯಾವ ಪತ್ರಾಗಾರದಲ್ಲೂ ಸಿಗುವುದಿಲ್ಲ.

ಆ ಹುಡುಗಿಗೆ ಪ್ರಬಂಧ ವಾಪಸ್ ಕೊಟ್ಟು ಮತ್ತೆ ಬರೆಯಲು ಹೇಳಿದೆ. ಎರಡು ವಾರದ ಮೇಲೆ ತಂದಳು. ಮೊದಲಿನದು ಹನ್ನೆರಡು ಪುಟ, ಇದು ಐದು. ಗೆಜೆಟಿಯರಿನ ಆ ಪುಟಗಳನ್ನು ಮೊಬೈಲಿನಲ್ಲಿ ಓದಿದ್ದಳು, ಹಾಗೆಂದೇ ಅಡಿಟಿಪ್ಪಣಿಯಲ್ಲಿ ಬರೆದಿದ್ದಳು. ಊರಿನಲ್ಲಿ ಮೂವರು ಹಿರಿಯರನ್ನು ಮ್ಯಾನ್ಸನ್ ಬಗ್ಗೆ ಕೇಳಿದ್ದಳು. ಮೂವರೂ ನರಗುಂದದ ಅಗಸಿಯ ಕಥೆಯನ್ನೇ ಹೇಳಿದ್ದರು, ಸುರೇಬಾನದ ಬಗ್ಗೆ ಒಬ್ಬರೂ ಮಾತಾಡಿರಲಿಲ್ಲ. ‘ಕೊಲೆ ನಡೆದ ಊರು ಆ ನೆನಪನ್ನು ಏಕೆ ಇಟ್ಟುಕೊಳ್ಳಲಿಲ್ಲ? ಅದನ್ನು ನೆನೆಸುವುದು ರಾಮದುರ್ಗ ಸಂಸ್ಥಾನದಲ್ಲಿ ಅಪಾಯವಾಗಿತ್ತೇ?’ ಎಂಬ ಪ್ರಶ್ನೆಯೊಂದಿಗೆ ಪ್ರಬಂಧ ಮುಗಿದಿತ್ತು. ಉತ್ತರ ಇರಲಿಲ್ಲ. ಕೊನೆಯ ಪಟ್ಟಿಯಲ್ಲಿ ಮೂರೇ ಹೆಸರು, ಡಬ್ಬಿ ಇಲ್ಲ. ನಮ್ಮ ನಿಯಮದ ಪ್ರಕಾರ ಎರಡು ಆಕರ ಕಡಿಮೆ. ಆ ಸೆಮಿಸ್ಟರಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟದ್ದು ಅದಕ್ಕೇ.

ಇದನ್ನು ಓದುತ್ತಿರುವ ವಿದ್ಯಾರ್ಥಿ ಮಿತ್ರರಲ್ಲಿ ಒಂದೇ ಕೋರಿಕೆ. ನಿಮ್ಮ ಮೇಜಿನ ಮೇಲಿರುವ ಪ್ರಬಂಧದ ಕೊನೆಯ ಪುಟ ತೆಗೆಯಿರಿ. ನೀವು ಕೈಯಾರೆ ತೆರೆದು ನೋಡದ ಪುಸ್ತಕಗಳ ಹೆಸರಿನ ಮೇಲೆ ಗೆರೆ ಎಳೆಯಿರಿ. ಬೇರೆಯವರ ಪುಸ್ತಕದಿಂದ ಎತ್ತಿದ್ದರೆ ಆ ಬೇರೆಯವರ ಹೆಸರನ್ನೇ ಬರೆಯಿರಿ, ನಾಚಿಕೆ ಬೇಡ. ಉಳಿದ ಪ್ರತಿಯೊಂದು ಹೆಸರಿನ ಮುಂದೆ ನೀವು ಅದಕ್ಕೆ ಕೇಳಿದ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ. ಅಧ್ಯಾಪಕರಲ್ಲಿ ಕೋರಿಕೆ ಇನ್ನೂ ಚಿಕ್ಕದು: ಆ ಪುಟವನ್ನು ಎಣಿಸುವುದನ್ನು ಬಿಟ್ಟು ಓದಿ.